ಬಾಣಂತಿಗೆ ಒಂದ ಕಾಲು ಬಾತೈತಿ, ಎಣ್ಣಿ ಹಚ್ಚಿ ತಿಕ್ಕಬಹುದೇನ್ರಿ?

ಮುದ್ದೇಬಿಹಾಳದಾಂವ:
ನನ್ನ ಹೆಂಡ್ತಿ ಬಾಣಂತನಕ್ಕ ತವರಮನಿ ಜಮಖಂಡಿಯೊಳಗ ಅದಾಳ. ಸಿಜೇರಿಯನ್ ಆಗಿ ಮೂರನೇ ವಾರ. ನಿನ್ನೆಯಿಂದ ಎಡಗಾಲು ಬಾತೈತಿ, ಮೀನಖಂಡ ಬಿಗಿ ಹಿಡದೈತಿ, ಮುಟ್ಟಿದ್ರ ಬಿಸಿ. ಬಲಗಾಲು ಚಲೋನ ಐತಿ. ಅತ್ತಿಯವರು ಇದು ವಾಯು, ನೀರು ಜಾಸ್ತಿ ಕುಡದಾಳ ಅಂತಾರ. ಎಣ್ಣಿ ಹಚ್ಚಾಕ ಬರೋ ಅಜ್ಜಿ ನಾಳೆ ಗಟ್ಟಿ ತಿಕ್ಕಿ ಇಳಸ್ತೀನಿ ಅಂದಾಳ. ಸೋಮವಾರದ ಮಟ ಕಾಯಲೇನ್ರಿ?

ಬೆಳಗಾವಿ ಸಿಸ್ಟರ್:
ಕಾಯಬ್ಯಾಡ ತಮ್ಮಾ. ತಿಕ್ಕಸಲೂಬ್ಯಾಡ. ಇವತ್ತ ಬಾಗಲಕೋಟಿ ಆಗಲಿ, ವಿಜಯಪುರ ಆಗಲಿ, ರಕ್ತನಾಳದಾಗ ರಕ್ತ ಹೆಂಗ ಹರೀತೈತಿ ಅಂತ ನೋಡೋ ಡಾಪ್ಲರ್ ಸ್ಕ್ಯಾನ್ ಇರೋ ದವಾಖಾನಿಗೆ ಕರಕೊಂಡು ಹೋಗು.

ನಾನು ಹೆರಿಗಿ ವಾರ್ಡಿನ ನರ್ಸ್. ಎರಡೂ ಪಾದ ಬಾಯೂದು ಬಾಣಂತೇರಿಗೆ ಸಾಮಾನ್ಯ. ಒಂದ ಕಾಲು ಬಾತು, ಬಿಸಿ ಆಗಿ, ನೋಯಾಕತ್ತೈತಿ ಅಂದ್ರ ಆಳದ ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿರಬಹುದು. ಡಾಕ್ಟರು ಡಿವಿಟಿ ಅಂತಾರ. ಬಸುರಿ-ಬಾಣಂತೇರಿಗೆ ಇದು ಎಡಗಾಲಿಗೇ ಹೆಚ್ಚು. ಎಡಗಾಲಿನ ರಕ್ತ ಒಯ್ಯೋ ನಾಳ ಕಿಬ್ಬೊಟ್ಟಿಯೊಳಗ ಇನ್ನೊಂದು ದೊಡ್ಡ ನಾಳದ ಕೆಳಗ ಹಾಯ್ತೈತಿ, ಅಲ್ಲಿ ಅದುಮಿ ಹರಿವು ಮೆಲ್ಲಗಾಗ್ತೈತಿ.

ಹೆರಿಗ್ಯಾಗ ರಕ್ತ ಹೆಚ್ಚು ಹೋಗಬಾರದಂತ ಮೈ ತಾನ ರಕ್ತವನ್ನ ಲಗೂ ಹೆಪ್ಪುಗಟ್ಟೂ ಹಂಗ ಮಾಡಿಟ್ಟಿರ್ತೈತಿ. 6 ವಾರದ ಮಟ ಆ ಭಯ ಹೆಚ್ಚು. ಅದರ ಮ್ಯಾಲ ಆಪರೇಷನ್, ಹೊರಸು ಬಿಟ್ಟು ಇಳಿಯದಂಗ ಮಲಗಿಸೂದು, ನೀರು ಕೊಡದಿರೂದು. ಬಾಣಂತಿಗೆ ನೀರು ಕೊಡಬಾರದು ಅನ್ನೋ ರೂಢಿ ನೋಡಿದ್ರ ನನಗ ಸಂಕಟ ಆಗ್ತೈತಿ. ಹಾಲುಣಿಸೋ ಜೀವ ಅದು, ಬಾಯಾರಿದಾಗೆಲ್ಲ ಕುಡೀಲಿ.

ಗಾಡಿ ಬರೂ ತನಕ ದರ್ಜಿ ಟೇಪ್ ತಗೊಂಡು, ಮೊಣಕಾಲ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗ ಎರಡೂ ಮೀನಖಂಡ ಅಳತಿ ಮಾಡು. 3 ಸೆಂ.ಮೀ.ಗಿಂತ ಹೆಚ್ಚು ಫರಕಿದ್ರ ಡಾಕ್ಟರಿಗೆ ಹೇಳು. ಕಡಿಮಿ ಬಂತಂತ ಮನ್ಯಾಗ ಕೂಡಬ್ಯಾಡ. ತಿಕ್ಕಿದ್ರ ಗಡ್ಡಿ ಕಿತ್ತು ಶ್ವಾಸಕೋಶಕ್ಕ ಹೋಗಿ ಸಿಗಬೀಳಬಹುದು, ಜೀವಕ್ಕ ಕುತ್ತು. ತಟ್ಟನ ದಮ್ಮು ಹತ್ತಿದ್ರ, ಉಸಿರೆಳದಾಗ ಎದಿ ಚುಚ್ಚಿದ್ರ, ಕೆಮ್ಮಿದಾಗ ರಕ್ತ ಬಂದ್ರ, ಕಣ್ಣಿಗೆ ಕತ್ತಲಿ ಕಟ್ಟಿದ್ರ ಆ ಕ್ಷಣಕ್ಕ 108ಕ್ಕ ಫೋನ್ ಮಾಡು.

ಮುದ್ದೇಬಿಹಾಳದಾಂವ:
ಅಕ್ಕಾರ, ನೀವು ಹೇಳಿದ್ದ ಖರೆ ಆತು. ತೊಡಿ ಮಟ ಹೆಪ್ಪುಗಟ್ಟೈತಂತ. ರಕ್ತ ಹೆಪ್ಪುಗಟ್ಟದಂಗ ತಡೆಯೋ ಹೆಪಾರಿನ್ ಇಂಜೆಕ್ಷನ್ ಹೊಟ್ಟಿ ಚರ್ಮಕ್ಕ ಚಾಲೂ ಮಾಡ್ಯಾರ, ಆಮ್ಯಾಲ ಅದೇ ಕೆಲಸದ ವಾರ್ಫರಿನ್ ಗುಳಿಗಿ ಅಂದಾರ. ಕೂಸಿಗೆ ಹಾಲು ಬಿಡಸಬೇಕು ಅಂತ ಮನ್ಯಾಗ ಎಲ್ಲಾರೂ ಗಾಬರಿ.

ಇಂಡಿ ಮಾಸ್ತರ:
ನಾನೂ ಮೊಣಕಾಲ ಆಪರೇಷನ್ ಆದಮ್ಯಾಲ ವಾರ್ಫರಿನ್ ನುಂಗಿದಾಂವ. ದಿನಾ ಒಂದ ಹೊತ್ತಿಗೆ ತಗೋಬೇಕ್ರಿ. ರಕ್ತ ಹೆಪ್ಪುಗಟ್ಟಾಕ ಎಷ್ಟು ಹೊತ್ತು ಹಿಡೀತೈತಿ ಅಂತ ನೋಡೋ ಐಎನ್‌ಆರ್ ರಕ್ತಪರೀಕ್ಷೆ ತಪ್ಪಸಬ್ಯಾಡ್ರಿ, 2ರಿಂದ 3ರೊಳಗ ಇರಬೇಕು. ಮೈಕೈ ನೋವಿಗಂತ ಅಂಗಡ್ಯಾಗಿನ ಡೈಕ್ಲೋಫೆನಾಕ್ ಕೊಡಬ್ಯಾಡ್ರಿ, ರಕ್ತಸ್ರಾವ ಆಗ್ತೈತಿ.

ಬೆಳಗಾವಿ ಸಿಸ್ಟರ್:
ಲಗೂ ಒಯ್ದಿ, ದೊಡ್ಡ ಉಪಕಾರ ಆತು. ಹೆಪಾರಿನ್, ವಾರ್ಫರಿನ್ ಎರಡೂ ನಡದಾಗ ಹಾಲುಣಿಸಬಹುದು, ಬಿಡಸಬ್ಯಾಡ. ಗುಳಿಗಿ ಚಾಲೂ ಆದ ಕೂಡಲೇ ಇಂಜೆಕ್ಷನ್ ನಿಲ್ಲಸಂಗಿಲ್ಲ, ಕಡಿಮಿ ಅಂದ್ರೂ 5 ದಿನ, ಐಎನ್‌ಆರ್ 2 ದಾಟಿ ನಿಲ್ಲೂ ತನಕ ಎರಡೂ ಕೂಡೇ ನಡೀತಾವ. ಒಟ್ಟು ಔಷಧ ಕಡಿಮಿ ಅಂದ್ರೂ 3 ತಿಂಗಳು. ಬಾವು ಇಳೀತಂತ ನಡುವ ಬಿಡಬಾರದು.

ಅಂಟಿನುಂಡಿ ತಿನ್ನಲಿ. ಸಬ್ಬಸಗಿ, ಮೆಂತೆ ಪಲ್ಯಾನೂ ಬ್ಯಾಡನ್ನೂದಿಲ್ಲ. ಆದ್ರ ಒಂದಿನ ತಾಟ ತುಂಬ, ನಾಲ್ಕ ದಿನ ಒಟ್ಟ ಇಲ್ಲ ಅನ್ನೂ ಹಂಗ ಆಗಬಾರದು. ಸೊಪ್ಪಿನಾಗಿನ ವಿಟಮಿನ್ ಕೆ ಹೆಚ್ಚುಕಡಿಮಿ ಆದ್ರ ವಾರ್ಫರಿನ್ ಲೆಕ್ಕ ತಪ್ಪತೈತಿ. ಡಾಕ್ಟರು ಹೂಂ ಅಂದ ಕೂಡಲೇ ಮನ್ಯಾಗ ಅಡ್ಡಾಡ್ಲಿ.

ವಾರ್ಫರಿನ್ ನಡದಾಗ ಬಸುರಾಗಬಾರದು, ಹೊಟ್ಟ್ಯಾಗಿನ ಕೂಸಿಗೆ ಕೆಡುಕು. ಅದಕ್ಕಂತ ಈಸ್ಟ್ರೋಜನ್ ಇರೋ ಗುಳಿಗಿ ನುಂಗಿದ್ರ ಮತ್ತ ಹೆಪ್ಪುಗಟ್ಟೂ ಭಯ. ಕಾಪರ್-ಟಿ ಬಗ್ಗೆ ಡಾಕ್ಟರನ್ನ ಕೇಳ್ರಿ. ಮುಂದಿನ ಬಸುರಿನಾಗ ಮೊದಲನೇ ಚೆಕಪ್ಪಿಗೆ ಈ ಡಾಪ್ಲರ್ ರಿಪೋರ್ಟ್ ತಪ್ಪದ ಒಯ್ಯಿರಿ, ತಾಯಿ ಕಾರ್ಡಿನ ಜೋಡಿ ಇಟ್ಟುಬಿಡು.