ಹಾಳೆ ಮ್ಯಾಲ ಚಿತ್ರ ಬಿಡಿಸಿ ಆ್ಯನಿಮೇಶನ್ ಕಲಿತೋರು ಅದೀರೇನ್ರೀ? ಅನುಭವ ಹೇಳ್ರಿ

ಉಣಕಲ್ ಕೆರಿ ದಂಡಿ:
ಬಿ.ಕಾಂ. ಮುಗಿಸೀನಿ. ಸ್ಕೆಚ್ ಚೊಲೋ ಬರ್ತಾವ. ಒಂದೊಂದ ಚಿತ್ರ ಕೈಲೆ ಬಿಡಿಸಿ ಮಾಡೋ ಹಳೇ ಪದ್ಧತಿ ಆ್ಯನಿಮೇಶನ್ ಕಲೀಬೇಕಂತ ಭಾಳ ಆಸೆ ಐತಿ. ಕೈಯಾಗ 5,000 ರೂಪಾಯಿ, ಸಂಜಿಗೆ ಎರಡು ತಾಸು. ಲೈಟ್ ಬಾಕ್ಸ್ (ಕೆಳಗಿಂದ ಬೆಳಕು ಬಿಟ್ಟು ಅಡೀಲಿನ ಚಿತ್ರ ಕಾಣಿಸೋ ಡಬ್ಬಿ) ಮಾಡಿಸ್ಲೊ, ಕಂಪ್ಯೂಟರಿನಾಗ ಚಿತ್ರ ಬಿಡಿಸೋ ಟ್ಯಾಬ್ಲೆಟ್‌ಗೆ ರೊಕ್ಕ ಕೂಡಿಸ್ಲೊ? ಕ್ಲಾಸಿಗೆ ಹೋಗಬೇಕೇನು?

ಬೆಟಗೇರಿಯವ:
ಕ್ಲಾಸಿನ ಹೆಸರು ತಗೀಬ್ಯಾಡ್ರಿ, ಹೊಟ್ಟಿ ಉರೀತೈತಿ. ಬೆಂಗಳೂರಾಗ ಒಂದು ಕಡೆ 1,80,000 ಫೀ ಕಟ್ಟೀನಿ. ರೂಮಿನ ಬಾಡಿಗಿ, ಊಟ ಬ್ಯಾರೆ. ಕೈಲೆ ಬಿಡಿಸೋದನ್ನ ಪೂರಾ ಕಲಿಸ್ತೀವಿ ಅಂತ ಸೇರಿಸ್ಕೊಂಡ್ರು. ಪುಟಿಯೋ ಚೆಂಡು, ಹಿಟ್ಟಿನ ಚೀಲ ಬಿಡಿಸೋ ಮೊದಲಿನ ಪಾಠ ಆದ ಕೂಡ್ಲೆ ಕಾಗದ ಬಂದ್, ಮುಂದೆಲ್ಲಾ ಕಂಪ್ಯೂಟರಿನ ತ್ರೀಡಿ. ಪಾತ್ರದ ನಡಿಗಿ ಬಿಡಿಸೋದು ಕಲ್ತದ್ದು ಊರಿಗೆ ಬಂದ ಮ್ಯಾಲನ.

ನನ್ನ ಲೈಟ್ ಬಾಕ್ಸಿನ ಖರ್ಚು ಬರಕೋರಿ. ಪ್ಲೈವುಡ್ 450, 3 ಎಂ.ಎಂ. ಹಾಲುಬಿಳಿ ಅಕ್ರಿಲಿಕ್ 620, ಅಡಾಪ್ಟರ್ ಸಹಿತ ಎಲ್‌ಇಡಿ ಪಟ್ಟಿ 380, ಬಡಿಗೇರ ಕೂಲಿ 500. ಹಾಳಿ ಅಲುಗಾಡದಂಗ ತೂತಿಗೆ ಸಿಗಿಸೋ ಗೂಟದ ಪಟ್ಟಿ ಲೇಥಿನವರ ಕಡೆ ಮಾಡಿಸಿದೆ, 300. ಅವರು ಗೂಟ 5 ಎಂ.ಎಂ. ತಿರುವಿ ಕೊಟ್ರು, ಪಂಚಿನ ತೂತು 5.5. ಆ ಅರ್ಧ ಎಂ.ಎಂ. ಸಡಿಲಕ್ಕ ಇಡೀ ಸೀನ್ ಥರಥರ ನಡುಗ್ತು. ಮತ್ತ 300 ಕೊಟ್ಟು ಹೊಸಾವು ಮಾಡಿಸಿದೆ. ಹೊರದೇಶದ ಸ್ಟುಡಿಯೋದಾಗ ಇರೋವಂಥ ಪಟ್ಟಿ, ನಡುವ ದುಂಡನ ಗೂಟ, ಎರಡೂ ಬಾಜೂ ಚಪ್ಪಟಿ ಗೂಟ, ಅದರ ಪಂಚಿನ ರೇಟ್ ಕೇಳಿ ಕೈ ಮುಗದೆ.

ಹಾಳಿಗೆ ಗದಗಿನಾಗ ಬರ ಇಲ್ಲ, ಓಣಿಗೊಂದು ಪ್ರೆಸ್. 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್ಲಿಥೋ ಹಾಳಿ ಕಟಿಂಗ್ ಮಾಡಿಸ್ಕೊಂಡು ತರ್ತೀನಿ. ದಪ್ಪ ಹಾಳಿ ಆದ್ರ ಕೆಳಗಿನ ಮೂರನೇ ಚಿತ್ರದ ಗೆರಿ ಕಾಣಂಗಿಲ್ಲ.

ವಿದ್ಯಾನಗರ 24:
ಈ ಕಾಲದಾಗ ಬಡಿಗೇರು, ಲೇಥು, ಏನ್ರೀ ಇದು! ನಾನು ಮೊದಲ ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್ 3,400ಕ್ಕ ತಗೊಂಡಿದ್ದೆ. ಕೈ ಮೇಜಿನ ಮ್ಯಾಲ, ಕಣ್ಣು ಮಾನಿಟರಿನಾಗ, ಗೆರಿ ಅನ್ನೋದು ನನ್ನ ಮಾತ ಕೇಳ್ಲಿಲ್ಲ. ಆಮ್ಯಾಲ ಸ್ಕ್ರೀನ್ ಇದ್ದದ್ದು, 21,500, ಕಂತಿನ ಮ್ಯಾಲ. ನಿಬ್ ಸವದು ಹೋಗ್ತಾವ, ಪಾಕೀಟಿಗೆ 400. ಕಂತು ತೀರೋದ್ರಾಗ ಕೇಬಲ್ ಸತ್ತು 1,250 ಹೋತು. ಆದ್ರೂ ಲಾಭ ಆಗೇತಿ. ಓಪನ್‌ಟೂನ್ಜ್, ಕ್ರಿಟಾ, ಪೆನ್ಸಿಲ್2ಡಿ ಸಾಫ್ಟ್‌ವೇರ್ ಮೂರೂ ಪುಕ್ಕಟೆ. ಸೆಕೆಂಡಿಗೆ 24 ಫ್ರೇಮ್, ಟೂಸ್ ಮ್ಯಾಲ (ಒಂದು ಚಿತ್ರ ಎರಡು ಫ್ರೇಮಿಗೆ) ಹಿಡದ್ರೂ 12 ಚಿತ್ರ, ನಿಮಿಷಕ್ಕ 720 ಹಾಳಿ. ಎಲ್ಲಿ ಒಟ್ಟತೀರಿ? ಪ್ರೆಸ್ ಊರಿನವರು ಹಾಳಿ ಚೊಲೋ ಅಂತ ಹೇಳೋದು ಸಹಜ ಬಿಡ್ರಿ.

ಬೆಟಗೇರಿಯವ:
ನಮ್ಮ ಮನಿಯವರು ಯಾರೂ ಹಾಳಿ ಮಾರಂಗಿಲ್ಲ, ನಾಲಿಗಿ ಹಿಡದು ಮಾತಾಡ್ರಿ. ಎಡಗೈ ಬೆರಳ ಸಂದಿನಾಗ ಹಾಳಿ ಸಿಗಿಸ್ಕೊಂಡು ಹೊರಳಿಸಿ ನೋಡಿದಾಗ ಚಲನೆ ತಿಳಿಯೋದ ಬ್ಯಾರೆ. ಅದಕ್ಕ ಗೂಟ ಕೆಳಗಿನ ಬಾಜೂ ಇಟಗೊಂಡೀನಿ. ಕೇಬಲ್ ಸತ್ರ ನಿಮ್ಮ ಕಲಿಕಿ ನಿಂತಿತು. ಕರೆಂಟ್ ಹೋದ್ರ ನಾನು ಕಿಟಕಿ ಗಾಜಿಗೆ ಹಾಳಿ ಹಚ್ಚಿ ಬಿಡಸ್ತೀನಿ.

ಸಾಧನಕೇರಿ ಮಾಸ್ತರ:
ಇಬ್ಬರೂ ಸಾಮಾನಿಂದ ಜಗಳಾ ಆಡ್ಲಿಕ್ಕತ್ತೀರಿ. ನಾ ಹೈಸ್ಕೂಲಿನ್ಯಾಗ ಚಿತ್ರಕಲಾ ಕಲಿಸಿ ನಿವೃತ್ತ ಆದವ, ಆಮ್ಯಾಲೆ ಇದನ್ನ ಹಿಡದೆ. 1956ರಾಗ ಡಿಸ್ನಿ ಸ್ಟುಡಿಯೋದಾಗ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅವರು ಸರಕಾರದ ಚಿತ್ರ ಸಂಸ್ಥೆ ಮುಂಬೈ ಫಿಲ್ಮ್ಸ್ ಡಿವಿಜನ್‌ಗೆ ಬಂದು ನಮ್ಮವರಿಗೆ ಕಲಿಸಿದ್ರು. ರಾಮ್ ಮೋಹನ್ ಅವರಂಥ ಹೆಸರಾಂತ ಆ್ಯನಿಮೇಟರ್‌ಗಳು ಅಲ್ಲೇ ತಯಾರಾದ್ರು. ಅವರ ಕೈಯಾಗ ಇದ್ದದ್ದು ಪೆನ್ಸಿಲ್ಲು, ಹಾಳಿ.

ನನ್ನ ಹತ್ರ ಬರೋ ಹುಡುಗರೆಲ್ಲಾ ಎರಡು ಚಿತ್ರದ ನಟ್ಟನಡುವ ಮೂರನೇದ್ದು ಇಟ್ಟು ಇನ್‌ಬಿಟ್ವೀನ್ ಆತು ಅಂತಾರ. ಚೆಂಡು ಹಂಗ ಬೀಳೂದಿಲ್ಲ. ಮ್ಯಾಲಿನ ತುದಿಗೆ ಹೋದಾಗ ಚಿತ್ರ ಒತ್ತೊತ್ತಾಗಿ ಬರಬೇಕು, ಕೆಳಗ ಬಂದ್ಹಾಂಗ ಅಂತರ ಹೆಚ್ಚಬೇಕು. ಹಾಳಿ ಬಾಜೂಕ ಯಾವ ಚಿತ್ರ ಎಲ್ಲಿ ಬರಬೇಕಂತ ತೋರಸೂ ಸಣ್ಣ ಗೀಟಿನ ಚಾರ್ಟ್ ಹಾಕಿಕೊಂಡ್ರ ಇದು ಸಾಧಿಸ್ತದ. ನಡಿಗಿನೂ ಅಷ್ಟ. ಕಾಂಟ್ಯಾಕ್ಟ್ (ಹಿಮ್ಮಡ ನೆಲಕ್ಕ ತಾಗೂದು), ಡೌನ್ (ಮೈ ಇಳಿಯೂದು), ಪಾಸಿಂಗ್ (ಒಂದು ಕಾಲು ಇನ್ನೊಂದನ್ನ ದಾಟೂದು), ಅಪ್ (ಮೈ ಏರೂದು), ನಾಲ್ಕು ಚಿತ್ರ ಸರಿ ಇದ್ರ ಉಳದದ್ದು ತುಂಬಬಹುದು. ಡೌನ್‌ನ್ಯಾಗ ಮೈ ಇಳೀಲಿಲ್ಲಂದ್ರ ಮನಷ್ಯಾಗ ತೂಕನ ಇರೂದಿಲ್ಲ, ಗಾಳಿಯಾಗ ತೇಲ್ತಾನ.

ಹಾವೇರಿ ಹೋರಿ:
ನಾನು ನಡಿಗಿ ಬಿಟ್ಟು ಸೀದಾ ಕೊಬ್ಬರಿ ಹೋರಿ (ಹಬ್ಬದಾಗ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ, ಬೆದರಿಸಿ ಓಡಸೋ ಹೋರಿ) ಹಾಳಿ ಮ್ಯಾಲ ಓಡಸಾಕ ಕುಂತೆ. ಸ್ಲೋ ಮೋಷನ್ ವಿಡಿಯೋ ಹಿಡದು, ಫ್ರೇಮ್ ತಗದು, ಅಂಗಡ್ಯಾಗ ಪ್ರಿಂಟ್ ಹಾಕಿಸಿದೆ. ಪುಟಕ್ಕ 2 ರೂಪಾಯಿ, ಎಲ್ಲಾ ಕೂಡಿ 380. ಅದರ ಮ್ಯಾಲ ಗೆರಿ ಎಳದೆ. ಕಾಲು ಎಲ್ಲಾ ಬರೋಬ್ಬರಿ, ಆದ್ರ ಹೋರಿಗೆ ಸಿಟ್ಟ ಇಲ್ಲ! ಆಮ್ಯಾಲ ಪ್ರಿಂಟ್ ಬದಿಗಿಟ್ಟು ಬೆನ್ನಿನ ಬಿಲ್ಲು ಜಾಸ್ತಿ ಬಗ್ಗಿಸಿದೆ, ಕತ್ತು ಇನ್ನಷ್ಟು ಕೆಳಗ ತಂದೆ, ಆವಾಗ ಜೀವ ಬಂತು. ಕೊರಳಾಗಿನ ಕೊಬ್ಬರಿ ಹಾರ ಮೈಗಿಂತ ಎರಡು ಚಿತ್ರ ಹಿಂದ ಬರಂಗ ಇಟ್ಟೀನಿ. ಅದನ್ನ ನೋಡಿ ನಮ್ಮ ಕಾಕಾ, ಇದು ನಮ್ಮ ಹೋರಿನ ಅಂದ್ರು.

ವಿದ್ಯಾನಗರ 24:
ವಿಡಿಯೋ ಮ್ಯಾಲ ಗೆರಿ ಎಳಿಯೋದಕ್ಕ ಆ್ಯನಿಮೇಶನ್ ಅನ್ನಬಾರದು. ಅದು ಕಾಪಿ.

ಹಾವೇರಿ ಹೋರಿ:
ಕಂಪ್ಯೂಟರ್ ತೋರಿಸಿದ ಹಿಂದಿನ ಚಿತ್ರದ ಮ್ಯಾಲ ನೀವು ಎಳದ್ರ ಕಲೆ, ನಾನು ಎಳದ್ರ ಕಾಪಿ? ಅಮೆರಿಕಾದ ಆ್ಯನಿಮೇಟರ್ ಮ್ಯಾಕ್ಸ್ ಫ್ಲೈಷರ್ 1917ರಾಗ ರೋಟೋಸ್ಕೋಪಿಗೆ, ಅಂದ್ರ ಹಿಡದ ಫಿಲ್ಮಿನ ಮ್ಯಾಲ ಗೆರಿ ಎಳಿಯೋ ಪದ್ಧತಿಗೆ, ಪೇಟೆಂಟ್ ತಗೊಂಡಾರ, ಓದಿಕೊಂಡು ಬರ್ರಿ. ಅದಕ್ಕೂ ಮೊದಲ, 1878ರಾಗ, ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಓಡೋ ಕುದುರಿ ಸಾಲು ಫೋಟೋ ತಗದ್ರು. ನಾಲ್ಕೂ ಕಾಲು ನೆಲ ಬಿಡೋದು ಹೊಟ್ಟಿ ಕೆಳಗ ಮಡಚಿದಾಗ. ಅಲ್ಲೀತನಕ ಚಿತ್ರಗಾರರು ಕಾಲು ಚಾಚಿದಂಗ ಬಿಡಸ್ತಿದ್ರು. ನೋಡದ ಬಿಡಿಸಿದ್ರ ಹಂಗ ಆಗತೈತಿ.

ಬೆಟಗೇರಿಯವ:
ಹೋರಿ ಬೆದರಿಸೋದ ಸರಿ ಅಲ್ಲ. ಮಂದಿಗೆ ತಿವಿತಾವ, ಜೀವ ಹೋಗ್ತಾವ. ಅದನ್ನ ಯಾಕ ಬಿಡಸ್ತೀರಿ?

ಹಾವೇರಿ ಹೋರಿ:
ಮಕ್ಕಳಂಗ ಸಾಕತೀವಿ, ನಮಗ ತಿನ್ನಾಕ ಇಲ್ಲಂದ್ರೂ ಅದಕ್ಕ ಹತ್ತಿಕಾಳು, ಹಿಂಡಿ ಹಾಕತೀವಿ. ಹಬ್ಬಕ್ಕ ಬಂದು ನೋಡಿ ಆಮ್ಯಾಲ ಮಾತಾಡ್ರಿ.

ಸಾಧನಕೇರಿ ಮಾಸ್ತರ:
ಹೋರಿ ಜಗಳಾ ಬ್ಯಾರೆ ಕಡೆ ಆಡ್ರಿ. ಎರಡು ಚಿತ್ರ ಹಿಂದ ಹಾರ ಬರೂ ವಿಚಾರ ಛಲೋ ಅದ. ಕೋಡಿಗೆ ಕಟ್ಟಿದ ಬಲೂನು ಹಗರ, ಅವು ಇನ್ನೂ ತಡಾ ಮಾಡಿ ಹೊರಳಬೇಕು.

ಉಣಕಲ್ ಕೆರಿ ದಂಡಿ:
ಸರ್, ಚೆಂಡಿನ ಚಾರ್ಟ್ ಫೋಟೋ ಹಾಕತೀರೇನ್ರೀ? ಮತ್ತ ಬಿಡಿಸಿದ ಚಿತ್ರ ಒಂದೊಂದ ಫೋನಿನಾಗ ಶೂಟ್ ಮಾಡಿದ್ರ ಬೆಳಕು ಹೆಚ್ಚುಕಡಿಮಿ ಆಗಿ ಮಿಣಮಿಣ ಅಂತೈತಿ.

ಬೆಟಗೇರಿಯವ:
ಸ್ಕ್ರೀನ್ ಮ್ಯಾಲ ಬೆರಳು ಒತ್ತಿ ಹಿಡದು ಎಕ್ಸ್‌ಪೋಷರ್ (ಫೋನು ತಗೊಳ್ಳೋ ಬೆಳಕು) ಲಾಕ್ ಮಾಡ್ರಿ. ಕಿಟಕಿ ಮುಚ್ಚಿ ಒಂದ ದೀಪದಾಗ ತಗೀರಿ, ಮೋಡ ಬಂದು ಹೋದ್ರೂ ಮಿಣಮಿಣ ಆಗತೈತಿ. ಎರಡು ತೂತಿನ ಪಂಚ್ ತಗೊಳ್ಳೋ ಮುಂದ ತೂತಿನ ಅಂತರ 8 ಸೆಂ.ಮೀ. ಐತಿಲ್ಲೋ ಪಟ್ಟಿ ಹಿಡದು ನೋಡ್ರಿ. ಲೇಥಿನವರಿಗೆ ಬಾಯಿಲೆ ಅಳತಿ ಹೇಳಬ್ಯಾಡ್ರಿ, ತೂತು ಹೊಡದ ಹಾಳಿನ ಒಯ್ದು ಕೊಡ್ರಿ.