ಸಂಜೆಯಾದ್ರೆ ರೇಡಿಯೋದಲ್ಲಿ ಗರ್ರ್ ಸದ್ದು: ಯಾರ ಮನೆಯಲ್ಲೆಲ್ಲಾ ಇದೆ?

ಮನೆ 14: ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಬೆಂಗಳೂರು ಆಕಾಶವಾಣಿ 612 ಇಲ್ಲದೆ ಸಂಜೆ ಕಾಫಿ ಇಳಿಯೋದಿಲ್ಲ. ಈಚೆಗೆ ಬೀದಿದೀಪ ಹತ್ತಿದ ಕೂಡಲೇ ಗರ್ರ್ ಅಂತ ಶುರುವಾಗುತ್ತೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ.

ಮನೆ 9: ನಮ್ಮಲ್ಲೂ ಇದೆ. ರೇಡಿಯೋ ಹಳೇದು ಅಂತ ಸುಮ್ನಿದ್ದೆ.

ಮನೆ 31: ಮೊಬೈಲ್ ಆಪ್‌ನಲ್ಲಿ ಕೇಳಿ ಮೇಡಂ, ಮುಗೀತು.

ಮನೆ 14: ಮಾವನವರಿಗೆ ಗುಂಡಿ ತಿರುಗಿಸಿಯೇ ಕೇಳಬೇಕು ಸರ್ 🙂 ಮೊನ್ನೆ ಕರೆಂಟ್ ಹೋದಾಗ ಮಾತ್ರ ಚೆನ್ನಾಗಿ ಕೇಳಿಸ್ತು.

ಮನೆ 22: ಅದೇ ಸುಳಿವು ಮೇಡಂ. ರೇಡಿಯೋ ರಿಪೇರಿ ಮಾಡಿ ಬದುಕಿದವನು ನಾನು. ಎಲ್‌ಇಡಿ ದೀಪದ ಡ್ರೈವರ್, ಅಂದ್ರೆ ದೀಪಕ್ಕೆ ಬೇಕಾದಷ್ಟೇ ಕರೆಂಟ್ ಕೊಡೋ ಸರ್ಕ್ಯೂಟ್, ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸುತ್ತೆ. ಒಳಗೆ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಆ ಗಲಾಟೆ ವೈರ್ ಹಿಡಿದು ಬೀದಿಗೆಲ್ಲ ಹರಡುತ್ತೆ. ನಿಮ್ಮ 612 ಬರೋದು ಮೀಡಿಯಂ ವೇವ್‌ನಲ್ಲಿ, ಅದಕ್ಕೆ ಇದರ ಕಾಟ ಜಾಸ್ತಿ, ಎಫ್‌ಎಂ ಅಷ್ಟು ಕೆಡಲ್ಲ. 102.9ರ ವಿವಿಧ ಭಾರತಿ ಹಾಕಿ ನೋಡಿ.

ಆದರೆ ಬೀದಿದೀಪದ್ದೇ ತಪ್ಪು ಅಂತ ಈಗಲೇ ಅರ್ಜಿ ಬರೆಯಬೇಡಿ. ನಮ್ಮ ಮನೆ ಬಲ್ಬೂ ಅದೇ ಹೊತ್ತಿಗೆ ಹಾಕ್ತೀವಿ, ಅಲ್ವಾ? ಸೆಲ್ ಹಾಕಿದ ಟ್ರಾನ್ಸಿಸ್ಟರ್ ಹಚ್ಚಿಟ್ಟು ಮೇನ್ ಸ್ವಿಚ್ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಒಳಗೇ ಇದ್ದಾನೆ.

ಮನೆ 9: ಮಾಡಿದೆ ಅಂಕಲ್. ನಮ್ಮದು ವೈಫೈ ಡಬ್ಬಿಯ ಅಡಾಪ್ಟರ್! ಕಿತ್ತರೆ ಪೂರ್ತಿ ನಿಶ್ಶಬ್ದ.

ಮನೆ 14: ನಮ್ಮಲ್ಲಿ ಆಫ್ ಮಾಡಿದರೂ ಹಾಗೇ ಇದೆ.

ಮನೆ 22: ಹಾಗಾದರೆ ಹೊರಗಿನದು. ರೇಡಿಯೋ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಿ. ಒಳಗೆ ತಂತಿ ಸುತ್ತಿದ ಕಪ್ಪು ಕಡ್ಡಿ ಇರುತ್ತೆ, ಫೆರೈಟ್ ಅಂತಾರೆ, ಅದೇ 612ರ ಏರಿಯಲ್. ಅದರ ತುದಿ ಗಲಾಟೆಯ ಕಡೆ ನೆಟ್ಟಗೆ ನಿಂತಾಗ ಸದ್ದು ತೀರಾ ಕಮ್ಮಿ ಆಗುತ್ತೆ. ಎಫ್‌ಎಂಗೆ ಎಳೆಯುವ ಕಡ್ಡಿಯನ್ನು ಎತ್ತಿ ಇಳಿಸಿ ಪ್ರಯೋಜನವಿಲ್ಲ, 612ಕ್ಕೆ ಅದರ ಸಂಬಂಧವೇ ಇಲ್ಲ.

ಮನೆ 31: ಮಧ್ಯೆ ನನ್ನದೊಂದು. ಟಿವಿಗೆ ಹಾಕಿರೋ ಡಿಡಿ ಫ್ರೀ ಡಿಶ್‌ನಲ್ಲಿ ಚಿತ್ರ ಒಡೆದು ಬರ್ತಿದೆ. ಅದೂ ಇದರಿಂದಾನಾ?

ಮನೆ 22: ಇಲ್ಲ. ನಿಮ್ಮ ಡಿಶ್ ಆಗ್ನೇಯಕ್ಕೆ ನೋಡುತ್ತೆ, ಅಲ್ಲೇ ಹೊಂಗೆ ಮರ ಬೆಳೆದಿದೆ. ಡಿಶ್ಶನ್ನು ಟೆರೇಸಿನ ಆಚೆ ಮೂಲೆಗೆ ಸರಿಸಿ, ಮರಕ್ಕೆ ಕೊಡಲಿ ಬೇಡ.

ಮನೆ 5: ಕಾರ್ಯದರ್ಶಿಯಾಗಿ ಹೇಳ್ತಿದ್ದೀನಿ. ಭಾನುವಾರ ಸಂಜೆ 7ಕ್ಕೆ 2ನೇ ಅಡ್ಡರಸ್ತೆ ಮೂಲೆಗೆ ಬನ್ನಿ. ಟ್ರಾನ್ಸಿಸ್ಟರ್ ಇರುವವರು ತನ್ನಿ. ಯಾವ ಕಂಬದ ಕೆಳಗೆ ಜೋರು ಅಂತ ಕಂಬದ ನಂಬರ್ ಬರೆದುಕೊಳ್ಳೋಣ. ಅರ್ಜಿಯಲ್ಲಿ ನಂಬರ್ ಇರಲಿ, "ಎಲ್ಲಾ ದೀಪ ಬದಲಿಸಿ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಮನೆ 14: ಮಾವನವರೂ ಬರ್ತಾರಂತೆ. ಈಗಲೇ ಹೊಸ ಸೆಲ್ ತರಿಸಿದ್ದಾರೆ.