ಹಣ್ಣು ಒಂದು, ಬಾಯಿ ನಾಲ್ಕು

ಎಂಟು ಕುಂಡ, ಒಂದು ಹಣ್ಣು. ಅದೂ ಅರ್ಧ ಕೆಂಪು, ಅರ್ಧ ಬಿಳಿ. ನನ್ನ ಸ್ಟ್ರಾಬೆರಿ ಬೆಳೆಯ ಲೆಕ್ಕ ಇಷ್ಟೇ. ಅದನ್ನು ನೋಡಲು ಮೇಷ್ಟ್ರು, ಸೀನ, ಗುಂಡ ಮೂವರೂ ಬಂದು ಕುಂಡದ ಸುತ್ತ ಕೂತಿದ್ದರು.

“ಎಲೆ ಮಾತ್ರ ಭರ್ಜರಿ!” ಎಂದ ಗುಂಡ.

“ಗೊಬ್ಬರ ಜಾಸ್ತಿ ಸುರಿದಿದ್ದೀಯ ಕಣಯ್ಯಾ,” ಎಂದರು ಮೇಷ್ಟ್ರು. “ಸಾರಜನಕ ಹೆಚ್ಚಾದರೆ ಗಿಡ ಸೊಪ್ಪು ಬಿಟ್ಟುಕೊಂಡು ಮೆರೆಯುತ್ತದೆ. ಹೂವಿನ ನೆನಪೇ ಇರಲ್ಲ.”

“ನಮ್ಮ ಗುಂಡನ ಹಾಗೆ. ತಿಂದದ್ದೆಲ್ಲ ಮೈಗೆ, ಕೆಲಸಕ್ಕೆ ಸೊನ್ನೆ,” ಎಂದ ಸೀನ.

“ಮೂಲೆಯ ಕುಂಡ ಯಾಕೆ ಖಾಲಿ?”

“ಗಾಳಿಗೆ ಅಲ್ಲಾಡದಿರಲಿ ಅಂತ ಕತ್ತಿನವರೆಗೂ ಮಣ್ಣು ಹಾಕಿದ್ದೆ. ಕೊಳೆತು ಹೋಯಿತು.”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ಎಲೆಗಳೆಲ್ಲ ಹುಟ್ಟುವ ಆ ದಪ್ಪ ಬುಡ ಇದೆಯಲ್ಲ, ಅದು ಸರಿಯಾಗಿ ಮಣ್ಣಿನ ಮಟ್ಟಕ್ಕೆ ಇರಬೇಕು. ಹೂತರೆ ಕೊಳೆಯುತ್ತದೆ, ಎತ್ತರಕ್ಕಿಟ್ಟರೆ ಬೇರು ಒಣಗುತ್ತದೆ. ಮತ್ತೆ ಈ ಹಂಬುಗಳನ್ನು ಯಾಕೆ ಕತ್ತರಿಸಿಲ್ಲ?”

“ತುದಿಯಲ್ಲಿ ಪುಟ್ಟ ಪುಟ್ಟ ಮರಿಗಿಡ ಇವೆ ಮೇಷ್ಟ್ರೇ. ಮನಸ್ಸು ಬರಲಿಲ್ಲ.”

“ತಾಯಿ ದುಡಿದದ್ದೆಲ್ಲ ಹತ್ತು ಮಕ್ಕಳ ಸಂಸಾರಕ್ಕೆ ಹೋದರೆ ಹಣ್ಣಿಗೆ ಏನು ಉಳಿದೀತು? ಒಂದೆರಡನ್ನು ಬೇರೆ ಕುಂಡಕ್ಕೆ ಊರಿ, ಬೇರು ಬಿಟ್ಟ ಮೇಲೆ ಹಂಬು ಕತ್ತರಿಸು. ಉಳಿದದ್ದನ್ನು ಈಗಲೇ ಚಿವುಟು.”

ನನ್ನ ಮುಖ ಸಪ್ಪಗಾದದ್ದು ನೋಡಿ ಸೀನನಿಗೆ ಕನಿಕರ ಬಂತು. “ಬಿಡೋ, ನಿನಗಿಂತ ನತದೃಷ್ಟ ಒಬ್ಬನಿದ್ದ. ಫ್ರೇಜಿಯೆ ಅಂತ, ಫ್ರಾನ್ಸಿನವನು. ಚಿಲಿಯ ಕೋಟೆಗಳ ಗುಟ್ಟು ತಿಳಿಯಲು ಹೋದವನು, 1714ರಲ್ಲಿ ಅಲ್ಲಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡ ತಂದ. ಊರಿಗೆ ಬಂದರೆ ಹೂ ಇದೆ, ಹಣ್ಣಿಲ್ಲ! ತಂದದ್ದೆಲ್ಲ ಹೆಣ್ಣು ಗಿಡ.”

“ಅಷ್ಟು ದೂರ ಹಡಗಿನಲ್ಲಿ ಹೊತ್ತು ತಂದು, ಗಂಡನ್ನೇ ಮರೆತು ಬಂದನೇ?” ಗುಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

“ಆಮೇಲೆ ಉತ್ತರ ಅಮೆರಿಕದ ಸ್ಟ್ರಾಬೆರಿ ಜೊತೆ ಅದಕ್ಕೆ ಸಂಬಂಧ ಕೂಡಿತು. ನಾವು ತಿನ್ನುವುದು ಅವರ ಸಂತಾನ. ಇನ್ನೊಂದು ತಮಾಷೆ, ಫ್ರೆಂಚಿನಲ್ಲಿ ಸ್ಟ್ರಾಬೆರಿಗೆ ಫ್ರೇಜ್ ಅಂತಾರೆ.”

ಗುಂಡನ ಕೈ ಮೆಲ್ಲಗೆ ಹಣ್ಣಿನ ಕಡೆ ಹೋಯಿತು. ಮೇಷ್ಟ್ರು ಫಟ್ ಅಂತ ಏಟು ಕೊಟ್ಟರು. “ತೊಟ್ಟಿನ ಹತ್ತಿರದ ಬಿಳಿ ಹೋಗಲಿ. ಮಾವಿನ ಹಾಗೆ ಇದನ್ನು ಕಿತ್ತು ಹಣ್ಣು ಮಾಡೋಕಾಗಲ್ಲ.”

“ಒಂದು ಕಡೆ ಸೊಟ್ಟಗಿದೆಯಲ್ಲಾ?”

“ಜೇನ್ನೊಣ ಆ ಕಡೆ ಸರಿಯಾಗಿ ಓಡಾಡಿಲ್ಲ. ಮೈಮೇಲೆ ಬೀಜದ ಹಾಗೆ ಕಾಣುತ್ತಲ್ಲ, ಒಂದೊಂದಕ್ಕೂ ಪರಾಗ ತಗುಲಬೇಕು. ತಗುಲದ ಕಡೆ ತಿರುಳು ಉಬ್ಬಲ್ಲ. ನಿಜ ಹೇಳಬೇಕೆಂದರೆ ಸಸ್ಯಶಾಸ್ತ್ರದ ಪ್ರಕಾರ ಆ ಒಂದೊಂದು ಚುಕ್ಕೆಯೂ ಒಂದೊಂದು ಹಣ್ಣು.”

ನಾನು ಎದ್ದು ನಿಂತೆ. “ಅಂದರೆ ನನ್ನ ಬೆಳೆ ಒಂದಲ್ಲ, ನೂರಾರು!”

“ಸುಳ್ಳುಗಾರ!” ಎಂದು ಗುಂಡ ಕೂಗಿದ. ನಾನು ಬೆಚ್ಚಿದೆ. ಅವನು ಪಕ್ಕದ ಕುಂಡದ ಎಲೆ ಸರಿಸಿ ನೋಡುತ್ತಿದ್ದ. “ಒಂದೇ ಹಣ್ಣು ಅಂದೆ, ಇಲ್ಲಿ ಇಷ್ಟು ಬಚ್ಚಿಟ್ಟಿದ್ದೀಯ! ಪೂರ್ತಿ ಕೆಂಪಗಾಗಿದೆ ಬೇರೆ.”

“ಲೋ, ಬೇಡ ಕಣೋ, ಅದು...”

ಕಟಕ್.

“...ಕಲ್ಲು. ಹಕ್ಕಿಗೆ ಅಂತ ಕೆಂಪು ಬಳಿದು ಇಟ್ಟಿದ್ದೆ. ಒಂದು ಸಲ ಕುಕ್ಕಿ ಸೋತರೆ ಮತ್ತೆ ಬರಲ್ವಂತೆ.”

ಗುಂಡ ಕೆನ್ನೆ ಹಿಡಿದುಕೊಂಡು ಗೇಟಿನ ಕಡೆ ನಡೆದ. ಸೀನ ಆ ಕಲ್ಲನ್ನು ಎತ್ತಿ, ಒರೆಸಿ, ಮತ್ತೆ ಎಲೆಯ ಕೆಳಗೆ ಇಟ್ಟ. “ಕೆಲಸ ಮಾಡುತ್ತೆ ಕಣೋ,” ಎಂದ.